ಕೀಲು ಗಟ್ಟಿಯಿದ್ದರೆ ಮನೆ ಗಟ್ಟಿ

ಸೊಲೊಮೋನನು ಯೆರೂಸಲೇಮಿನಲ್ಲಿ ದೇವಾಲಯ ಕಟ್ಟಿಸಿದ ವೃತ್ತಾಂತದಲ್ಲಿ ಒಂದು ಚಿಕ್ಕ ವಿವರವಿದೆ. ಅದನ್ನು ನಾವು ಓದಿದ್ದರೂ ಅದರ ಮುಂದೆ ನಿಂತು ಯೋಚಿಸಿರುವುದು ಕಡಿಮೆ. ಅರಸುಗಳು ಪ್ರಥಮ ಭಾಗದ 6ನೆಯ ಅಧ್ಯಾಯದ ಪ್ರಕಾರ ಕಲ್ಲುಗಳನ್ನು ಗಣಿಯಲ್ಲಿಯೇ ಅಳತೆಗೆ ಸರಿಯಾಗಿ ಕೆತ್ತಿ ಸಿದ್ಧಪಡಿಸಿ ತರಲಾಗಿತ್ತು. ಆದುದರಿಂದ ಆಲಯವೇಳುತ್ತಿದ್ದ ಸ್ಥಳದಲ್ಲಿ ಸುತ್ತಿಗೆ, ಕೊಡಲಿಗಳ ಸದ್ದೇ ಕೇಳಿಬರಲಿಲ್ಲ. ಲೆಬನೋನಿನ ಮರಗಳನ್ನು ತೆಪ್ಪಗಳಾಗಿ ಕಟ್ಟಿ ಸಮುದ್ರಮಾರ್ಗವಾಗಿ ತರಲಾಯಿತು. ಅದಕ್ಕೂ ಹಿಂದೆ ಅರಣ್ಯದಲ್ಲಿ ಇಸ್ರಾಯೇಲರ ಜೊತೆ ಸಾಗಿದ ದೇವದರ್ಶನದ ಗುಡಾರವಂತೂ ಬಿಚ್ಚಿ, ಹೊತ್ತು, ಮತ್ತೆ ಜೋಡಿಸುವುದಕ್ಕಾಗಿಯೇ ರೂಪಿಸಿದ್ದು. ಅದರ ಒಂದೊಂದು ಹಲಗೆಗೂ ಎರಡೆರಡು ಕೂರುಗಳು, ಆ ಕೂರುಗಳನ್ನು ಹಿಡಿದುಕೊಳ್ಳಲು ಬೆಳ್ಳಿಯ ಗದ್ದಿಗೇಕಲ್ಲುಗಳು. ಹಲಗೆ, ಅಗುಳಿ, ಕಂಬಗಳನ್ನು ಹೊರುವ ಹೊಣೆ ಮೆರಾರಿಯ ವಂಶದವರದು.

ಕಟ್ಟಡದ ಭಾಗಗಳನ್ನು ಒಂದೆಡೆ ತಯಾರಿಸಿ, ಮತ್ತೊಂದೆಡೆ ಜೋಡಿಸುವ ಈ ಪದ್ಧತಿಯನ್ನು ಇಂದು ‘ಪ್ರೀಫ್ಯಾಬ್’ ಎನ್ನುತ್ತಾರೆ. ಕನ್ನಡದಲ್ಲಿ ಪೂರ್ವನಿರ್ಮಿತ ಕಟ್ಟಡವೆನ್ನಬಹುದು. ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳು ದೊಡ್ಡ ಲಾರಿಗಳಲ್ಲಿ ಬಂದು, ಕ್ರೇನಿನಿಂದ ಮೇಲೇರಿ, ಕೆಲವೇ ತಿಂಗಳಲ್ಲಿ ಹತ್ತಾರು ಅಂತಸ್ತಿನ ಮನೆಗಳಾಗುವುದನ್ನು ನಮ್ಮ ನಗರಗಳ ಅಂಚಿನಲ್ಲಿ ನೀವು ಕಂಡಿರಬಹುದು. ಇದು ಬೇಗ ಮುಗಿಯುತ್ತದೆ, ಸಾಮಗ್ರಿ ಪೋಲಾಗುವುದಿಲ್ಲ, ಪರಿಸರಕ್ಕೂ ಒಳ್ಳೆಯದು ಎಂಬ ಮಾತನ್ನು ಕೇಳಿರಲೂಬಹುದು. ಈ ಮಾತು ಹೊಸದಲ್ಲ. ಸುಮಾರು ಇನ್ನೂರು ವರ್ಷಗಳಿಂದ ಇದನ್ನು ಹೇಳುತ್ತ ಬರಲಾಗಿದೆ. ಕೆಲವು ಸಲ ಅದು ನಿಜವಾಗಿದೆ, ಕೆಲವು ಸಲ ದುಬಾರಿ ಬೆಲೆ ತೆತ್ತು ಸುಳ್ಳಾಗಿದೆ. ನಿಜವಾದದ್ದು ಎಲ್ಲಿ, ಸುಳ್ಳಾದದ್ದು ಎಲ್ಲಿ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡೋಣ.

ಹಡಗೇರಿ ಹೋದ ಮನೆಗಳು

ಲಂಡನ್ನಿನ ಹೆನ್ರಿ ಮ್ಯಾನಿಂಗ್ ಎಂಬ ಬಡಗಿಯ ಮಗನು 1830ರ ಸುಮಾರಿಗೆ ಆಸ್ಟ್ರೇಲಿಯಕ್ಕೆ ವಲಸೆ ಹೊರಟನು. ಹೊಸ ನೆಲದಲ್ಲಿ ಇಳಿದ ಕೂಡಲೇ ಮಗನಿಗೊಂದು ಸೂರು ಬೇಕಲ್ಲವೇ? ತಂದೆ ಅದನ್ನು ಇಲ್ಲಿಯೇ ಮಾಡಿ ಕಳುಹಿಸಲು ನಿಶ್ಚಯಿಸಿದನು. ಗಾಡಿ ಕೊರೆದ ಮರದ ಕಂಬಗಳು, ಅವುಗಳ ನಡುವೆ ಜಾರಿಸಿ ಕೂರಿಸುವ ಒಂದೇ ಅಳತೆಯ ಹಲಗೆಯ ಫಲಕಗಳು, ಬಿಗಿಯಲು ಬೋಲ್ಟುಗಳು. ಇಷ್ಟರಲ್ಲಿ ಮನೆ ಮುಗಿಯಿತು. ಯಾವ ಫಲಕವನ್ನು ಯಾವ ಜಾಗದಲ್ಲಿ ಬೇಕಾದರೂ ಇಡಬಹುದಾಗಿತ್ತು. ಯಾವ ಭಾಗವೂ ಒಬ್ಬ ಆಳು ಹೊರಲಾರದಷ್ಟು ಭಾರವಿರಲಿಲ್ಲ. ಗರಗಸ ಬೇಡ, ಮೊಳೆ ಬೇಡ, ಒಂದು ಸಾಧಾರಣ ತಿರುಗಳಿ ಇದ್ದರೆ ಸಾಕು. ಮುಂದೆ ಮ್ಯಾನಿಂಗನು ಇಂತಹ ಮನೆಗಳನ್ನು ವಲಸಿಗರಿಗಾಗಿ ತಯಾರಿಸಿ ಮಾರಿದನು.

1840ರಲ್ಲಿ ಅಡಿಲೇಡ್ ನಗರಕ್ಕೆ ಅವನ ಕೈಯ ಕಟ್ಟಡವೊಂದು 69 ಕಟ್ಟುಗಳಾಗಿ ಹಡಗಿನಲ್ಲಿ ಬಂದಿಳಿಯಿತು. ಅದು ಕ್ವೇಕರ್ ಪಂಥದವರ ಪ್ರಾರ್ಥನಾಮಂದಿರ. ಅದು ಇಂದಿಗೂ ಅಲ್ಲಿ ನಿಂತಿದೆ. ಮರದಿಂದ ಮಾಡಿ, ಅರ್ಧ ಭೂಗೋಳ ದಾಟಿ ಬಂದ ಒಂದು ಸರಳ ಕಟ್ಟಡ ಎರಡು ಶತಮಾನಗಳ ಸಮೀಪಕ್ಕೆ ಉಳಿದುಬಂದ ಗುಟ್ಟೇನು? ಅದರ ಭಾಗಗಳು ಚಿಕ್ಕವು, ಕೀಲುಗಳು ಕಣ್ಣಿಗೆ ಕಾಣುವಂಥವು, ಕೆಟ್ಟದ್ದನ್ನು ಊರಿನ ಬಡಗಿಯೇ ತೆಗೆದು ಹೊಸದನ್ನು ಹಾಕಬಹುದಾದಂಥವು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಸುತ್ತುತ್ತದೆ.

1829ರಲ್ಲಿ ಹೆನ್ರಿ ಪಾಮರ್ ಎಂಬ ಇಂಜಿನಿಯರು ಅಲೆಯಲೆಯಾಗಿ ಮಡಚಿದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದನು. ಕೆಲವೇ ವರ್ಷಗಳಲ್ಲಿ ಸತುವಿನ ಲೇಪನದ ವಿಧಾನವೂ ಬಂದು ತಗಡು ತುಕ್ಕಿನಿಂದ ಪಾರಾಯಿತು. ಹಗುರವಾದರೂ ಗಟ್ಟಿಯಾದ ಈ ತಗಡಿನಿಂದ ಬ್ರಿಟನ್ನಿನ ಕಾರ್ಖಾನೆಗಳು ಉಗ್ರಾಣ, ಶಾಲೆ, ಆಸ್ಪತ್ರೆಗಳನ್ನಷ್ಟೇ ಅಲ್ಲ, ಪೂರ್ತಿ ದೇವಾಲಯಗಳನ್ನೇ ತಯಾರಿಸಿದವು. ಗೋಪುರ ಬೇಕೇ, ಗಂಟೆಗೂಡು ಬೇಕೇ, ಎಷ್ಟು ಮಂದಿ ಕೂರಬೇಕು ಎಂದು ಪಟ್ಟಿ ನೋಡಿ ಆರಿಸಿದರೆ ಸಾಕು, ದೇವಾಲಯ ರೈಲಿನಲ್ಲೋ ಹಡಗಿನಲ್ಲೋ ಬರುತ್ತಿತ್ತು. ಕಲ್ಲಿನ ಆಲಯಕ್ಕೆ ಹಣ ಕೂಡುವ ತನಕ ತಾತ್ಕಾಲಿಕವಾಗಿ ಇರಲಿ ಎಂದು ಬಡ ಸಭೆಗಳು ಇವನ್ನು ಕೊಂಡವು. ‘ತಗಡಿನ ಗುಡಾರ’ ಎಂದು ಜನ ಹಾಸ್ಯ ಮಾಡಿದ ಆ ಆಲಯಗಳಲ್ಲಿ ಕೆಲವು ಇಂದಿಗೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಆರಾಧನೆಗೆ ತೆರೆದಿವೆ.

ಗಾಜಿನ ಅರಮನೆ ಮತ್ತು ಲಾಲ್‌ಬಾಗ್

ಈ ವಿಧಾನದ ಕೀರ್ತಿ ಜಗತ್ತಿಗೆಲ್ಲ ಹರಡಿದ್ದು 1851ರಲ್ಲಿ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಕಟ್ಟಡ ಬೇಕಾಗಿತ್ತು; ಸಮಯವೋ ಒಂದು ವರ್ಷಕ್ಕೂ ಕಡಿಮೆ. ತೋಟದ ಕೆಲಸದಿಂದ ಮೇಲೆ ಬಂದ ಜೋಸೆಫ್ ಪ್ಯಾಕ್ಸ್‌ಟನ್, ಸಸ್ಯಗಳಿಗಾಗಿ ತಾನು ಕಟ್ಟಿದ್ದ ಗಾಜಿನ ಮನೆಗಳ ಅನುಭವದಿಂದ ಒಂದು ನಕ್ಷೆ ಕೊಟ್ಟನು. ಇಡೀ ಕಟ್ಟಡ 24 ಅಡಿಯ ಲೆಕ್ಕದಲ್ಲಿ ನಡೆಯುತ್ತದೆ. ಎರಕದ ಕಂಬ, ತೊಲೆ, ಗಾಜು ಎಲ್ಲವೂ ಆ ಲೆಕ್ಕಕ್ಕೆ ಹೊಂದುವ ಕೆಲವೇ ಅಳತೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 1850ರ ಜುಲೈ ಕೊನೆಯಲ್ಲಿ ಗುತ್ತಿಗೆದಾರರ ಕೈಗೆ ಜಾಗ ಬಂತು. 1851ರ ಮೇ 1ರಂದು 1,848 ಅಡಿ ಉದ್ದದ, ಸುಮಾರು 3 ಲಕ್ಷ ಗಾಜಿನ ಹಲಗೆಗಳ ‘ಕ್ರಿಸ್ಟಲ್ ಪ್ಯಾಲೇಸ್’ ಬಾಗಿಲು ತೆರೆಯಿತು. ಸುಮಾರು 60 ಲಕ್ಷ ಸಲ ಜನ ಅದರೊಳಗೆ ಬಂದು ಹೋದರು.

ಕಟ್ಟಿದ ವೇಗಕ್ಕಿಂತಲೂ ಗಮನಾರ್ಹವಾದದ್ದು ಆಮೇಲೆ ನಡೆದದ್ದು. ಪ್ರದರ್ಶನ ಮುಗಿಯಿತೆಂದು ಅದನ್ನು ಒಡೆದು ಎಸೆಯಲಿಲ್ಲ. ಬಿಚ್ಚಿ, ಸಿಡೆನ್‌ಹ್ಯಾಮ್ ಗುಡ್ಡಕ್ಕೆ ಸಾಗಿಸಿ, ಇನ್ನೂ ದೊಡ್ಡದಾಗಿ ಮರುಜೋಡಿಸಿ 1854ರಲ್ಲಿ ತೆರೆದರು. ಬಳಸಿದ ಸಾಮಗ್ರಿಗೆ ಎರಡನೆಯ ಜೀವ ಬಂತು. ಇಂದು ‘ಸುಸ್ಥಿರತೆ’ ಎಂದು ನಾವು ಕರೆಯುವ ಗುಣ ಇದೇ ಅಲ್ಲವೇ? 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಆಹುತಿಯಾಗುವ ತನಕ ಆ ಅರಮನೆ ನಿಂತಿತ್ತು.

ಅದರ ವಂಶದ ಕುಡಿಯೊಂದು ನಮ್ಮಲ್ಲಿಯೇ ಇದೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರ ಹಾಕಿದ್ದು 1889ರ ನವೆಂಬರ್ 30ರಂದು. ಅದರ ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಮ್ಯಾಕ್‌ಫರ್ಲೇನ್ ಎರಕಶಾಲೆಯಿಂದ ಬಂದವು. ಅಸ್ತಿಭಾರದ ದಿನವೂ ಲಂಡನ್ನಿನ ಅರಮನೆ ಸುಟ್ಟ ದಿನವೂ ಒಂದೇ ತಾರೀಖಿಗೆ ಬಿದ್ದದ್ದು ಕಾಕತಾಳೀಯ. ತಾಯಿ ಬೂದಿಯಾದಳು, ಮಗಳು ಇಂದಿಗೂ ವರ್ಷಕ್ಕೆರಡು ಸಲ, ಗಣರಾಜ್ಯ ದಿನದ ಮತ್ತು ಸ್ವಾತಂತ್ರ್ಯ ದಿನದ ವೇಳೆಗೆ, ಹೂವು ಮುಡಿದು ನಿಲ್ಲುತ್ತಾಳೆ. ಒಂದೇ ಅಳತೆಯ ಭಾಗಗಳ ಕಟ್ಟಡವಾದುದರಿಂದ 1930ರ ದಶಕದಲ್ಲಿ ಅದನ್ನು ಪೂರ್ವದ ಕಡೆಗೆ ವಿಸ್ತರಿಸುವುದೂ ಸಾಧ್ಯವಾಯಿತು. ಮುಂದಿನ ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಹೂವುಗಳ ಜೊತೆಗೆ ತಲೆಯೆತ್ತಿ ಆ ಕಂಬ, ಕಮಾನುಗಳು ಒಂದನ್ನೊಂದು ಹಿಡಿದುಕೊಂಡ ರೀತಿಯನ್ನೂ ತೋರಿಸಿರಿ.

ಯುದ್ಧಗಳು ಕಟ್ಟಿಸಿದ ಸೂರುಗಳು

ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟಿಷ್ ಸೇನೆಯ ಮೇಜರ್ ಪೀಟರ್ ನಿಸ್ಸೆನ್ ಅರ್ಧ ಕೊಳವೆಯಾಕಾರದ ತಗಡಿನ ಗುಡಿಸಲೊಂದನ್ನು ರೂಪಿಸಿದನು. ಒಂದು ಸೇನಾ ಲಾರಿಯಲ್ಲಿ ಒಂದು ಗುಡಿಸಲು. ಆರು ಮಂದಿ ನಾಲ್ಕು ಗಂಟೆಯಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಬಹುದು. ಎರಡನೆಯ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಸೆರೆಯಾಳುಗಳಾಗಿದ್ದ ಇಟಲಿಯ ಸೈನಿಕರು ಇಂತಹ ಎರಡು ಗುಡಿಸಲುಗಳನ್ನು ಒಂದರ ತುದಿಗೆ ಮತ್ತೊಂದನ್ನು ಸೇರಿಸಿ, ಚಿತ್ರಕಾರ ಡೊಮೆನಿಕೊ ಕಿಯೊಕೆಟ್ಟಿಯ ಮುಂದಾಳ್ತನದಲ್ಲಿ ಪ್ರಾರ್ಥನಾಲಯವನ್ನಾಗಿಸಿದರು. ತಗಡಿನ ಒಳಮೈಗೆ ಹಲಗೆ ಹೊದಿಸಿ, ಅದರ ಮೇಲೆ ಇಟ್ಟಿಗೆ, ಕೆತ್ತನೆಗಳ ಚಿತ್ರ ಬರೆದರು. ಸೆರೆಮನೆಯ ಸಾಮಗ್ರಿ ಸ್ತುತಿಯ ಸ್ಥಳವಾಯಿತು. ಕಾರ್ಖಾನೆಯಿಂದ ಬಂದ ಗೋಡೆ ನಿರ್ಜೀವವೆನ್ನುವವರು ಆ ಪುಟ್ಟ ಆಲಯವನ್ನು ಒಮ್ಮೆ ನೆನೆಯಬೇಕು. ಗೋಡೆಗೆ ಜೀವ ತುಂಬುವವರು ಅದರೊಳಗೆ ನೆಲಸುವವರೇ.

ಯುದ್ಧದ ಬಾಂಬುಗಳು ಬ್ರಿಟನ್ನಿನ ಲಕ್ಷಾಂತರ ಮನೆಗಳನ್ನು ಹಾಳುಗೆಡವಿದ್ದವು. 1944ರಲ್ಲಿ ಪ್ರಧಾನಿ ಚರ್ಚಿಲ್ ಐದು ಲಕ್ಷದವರೆಗೂ ತಾತ್ಕಾಲಿಕ ಮನೆಗಳ ಭರವಸೆ ಕೊಟ್ಟರು. ಅದೇ ವರ್ಷ ಶಾಸನವೂ ಆಯಿತು. 1945ರಿಂದ 1949ರ ಅವಧಿಯಲ್ಲಿ ವಾಸ್ತವವಾಗಿ ಎದ್ದು ನಿಂತವು 1,56,623. ಯುದ್ಧವಿಮಾನ ಮಾಡುತ್ತಿದ್ದ ಕಾರ್ಖಾನೆಗಳೇ ಕೆಲವು ಮಾದರಿಗಳನ್ನು ತಯಾರಿಸಿದವು. ಅಲ್ಯೂಮಿನಿಯಮ್ಮಿನ ಮನೆ ನಾಲ್ಕು ತುಂಡುಗಳಾಗಿ ಲಾರಿಯಲ್ಲಿ ಬಂದು ಜೋಡಣೆಯಾಗುತ್ತಿತ್ತು. ಖಡ್ಗಗಳನ್ನು ಕುಲುಮೆಗೆ ಹಾಕಿ ನೇಗಿಲ ಗುಳಗಳನ್ನಾಗಿ ಮಾಡುವ ಪ್ರವಾದಿಯ ಕನಸು ನಮಗೆ ನೆನಪಾದರೆ ಆಶ್ಚರ್ಯವಿಲ್ಲ. ಎರಡು ಮಲಗುವ ಕೋಣೆ, ಸುತ್ತ ಕೈತೋಟ, ಬಿಸಿನೀರು, ಒಳಗೇ ಶೌಚಾಲಯ, ಅಡುಗೆಮನೆಯಲ್ಲಿ ರೆಫ್ರಿಜರೇಟರ್! ಹೊಗೆ ಹಿಡಿದ ಒಂದೇ ಕೋಣೆಯಲ್ಲಿ ಬದುಕಿದ್ದ ಕಾರ್ಮಿಕ ಕುಟುಂಬಗಳಿಗೆ ಇದು ಕನಸಿನಂತಿತ್ತು.

ಹತ್ತು, ಹದಿನೈದು ವರ್ಷ ಬಾಳಿದರೆ ಸಾಕೆಂದು ಮಾಡಿದ ಮನೆಗಳಿವು. ಆದರೆ ಜನ ಬಿಟ್ಟುಹೋಗಲೊಲ್ಲದೆ ಹೋದರು. ಲಂಡನ್ನಿನ ಕ್ಯಾಟ್‌ಫರ್ಡ್ ಪ್ರದೇಶದ ಎಕ್ಸ್‌ಕ್ಯಾಲಿಬರ್ ಬಡಾವಣೆಯ 187 ಮನೆಗಳು ಅರವತ್ತು ವರ್ಷ ದಾಟಿದವು. 2009ರಲ್ಲಿ ಅವುಗಳಲ್ಲಿ ಆರನ್ನು ಸಂರಕ್ಷಿತ ಕಟ್ಟಡಗಳೆಂದು ಘೋಷಿಸಲಾಯಿತು. ಉಳಿದವನ್ನು ತೆರವುಗೊಳಿಸಲು ಹೊರಟಾಗ ನಿವಾಸಿಗಳಲ್ಲಿ ಅನೇಕರು ವಿರೋಧಿಸಿದರು. ಇದರ ಮತ್ತೊಂದು ಮುಖವನ್ನೂ ಮರೆಮಾಚಬಾರದು. ಈ ಮನೆಗಳು ಅಂದುಕೊಂಡಷ್ಟು ಅಗ್ಗವಾಗಲಿಲ್ಲ. ಇಟ್ಟಿಗೆ ಮನೆಗಿಂತ ಹೆಚ್ಚು ಬೆಲೆ ತಗುಲಿದ ಮಾದರಿಗಳೂ ಇದ್ದವು. ಹಲವು ಮಾದರಿಗಳಲ್ಲಿ ಕಲ್ನಾರಿನ ಹಾಳೆಗಳಿದ್ದವು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬ ಅರಿವು ಸಾಮಾನ್ಯರಿಗೆ ಬಂದದ್ದು ತಡವಾಗಿ.

ಕುಸಿದು ಬಿದ್ದ ಮೂಲೆ

ತಾತ್ಕಾಲಿಕವೆಂದು ಕಟ್ಟಿದ್ದು ಬಾಳಿತು. ಶಾಶ್ವತವೆಂದು ಕಟ್ಟಿದ್ದಕ್ಕೆ ಏನಾಯಿತು?

1950, 60ರ ದಶಕಗಳಲ್ಲಿ ಯೂರೋಪಿನಾದ್ಯಂತ ಕಾಂಕ್ರೀಟಿನ ದೊಡ್ಡ ಫಲಕಗಳ ಕಾಲ ಬಂತು. ಸೋವಿಯತ್ ಒಕ್ಕೂಟದಲ್ಲಿ ಕ್ರುಶ್ಚೇವರ ಆಡಳಿತ ಐದಂತಸ್ತಿನ ಫಲಕದ ಮನೆಗಳನ್ನು ಸಾಲುಸಾಲಾಗಿ ಎಬ್ಬಿಸಿತು. ಬ್ರಿಟನ್ನಿನಲ್ಲಿ ಡೆನ್ಮಾರ್ಕಿನ ವಿಧಾನವೊಂದನ್ನು ತಂದು ಇನ್ನೂ ಎತ್ತರಕ್ಕೆ ಏರಿದರು. ಲಂಡನ್ನಿನ ಪೂರ್ವದ ನ್ಯೂಹ್ಯಾಮಿನಲ್ಲಿ 22 ಅಂತಸ್ತುಗಳ ‘ರೋನನ್ ಪಾಯಿಂಟ್’ ಕಟ್ಟಡಕ್ಕೆ 1968ರಲ್ಲಿ ಕುಟುಂಬಗಳು ಬಂದವು. ಎರಡು ತಿಂಗಳು ಕಳೆದಿತ್ತಷ್ಟೇ. ಮೇ 16ರ ಮುಂಜಾನೆ 18ನೆಯ ಅಂತಸ್ತಿನ ಮನೆಯಲ್ಲಿ ಚಹಾಕ್ಕೆಂದು ಒಲೆ ಹಚ್ಚಿದಾಗ, ಸೋರಿ ತುಂಬಿದ್ದ ಅನಿಲ ಸ್ಫೋಟಿಸಿತು. ಸ್ಫೋಟ ದೊಡ್ಡದೇನೂ ಆಗಿರಲಿಲ್ಲ. ಒಲೆ ಹಚ್ಚಿದ ಮಹಿಳೆಯೇ ಬದುಕಿ ಉಳಿದರು. ಆದರೆ ಅದು ಹೊರಗೋಡೆಯ ಫಲಕವನ್ನು ಆಚೆಗೆ ತಳ್ಳಿತು. ಆ ಫಲಕದ ಆಧಾರದಲ್ಲಿದ್ದ ಮೇಲಿನ ಅಂತಸ್ತುಗಳು ಕುಸಿದವು. ಅವುಗಳ ಭಾರಕ್ಕೆ ಕೆಳಗಿನವು ಕುಸಿದವು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಇಸ್ಪೀಟಿನ ಮನೆಯಂತೆ ಜಾರಿಹೋಯಿತು. ನಾಲ್ವರು ಸತ್ತರು. ಆ ಮೂಲೆಯಲ್ಲಿದ್ದವು ಹೆಚ್ಚಾಗಿ ಬೈಠಕ್ಕಿನ ಕೋಣೆಗಳು. ಜನ ಮಲಗುವ ಕೋಣೆಗಳಲ್ಲಿದ್ದ ಹೊತ್ತಾದುದರಿಂದ ಸಾವು ಅಷ್ಟಕ್ಕೇ ನಿಂತಿತು.

ಫಲಕಗಳು ದುರ್ಬಲವಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ಸೋತದ್ದು ಅವುಗಳ ನಡುವಿನ ಕೀಲು. ಇಟ್ಟಿಗೆಯ ಗೋಡೆಯಲ್ಲಿ ಒಂದು ಭಾಗ ಹೋದರೆ ಸುತ್ತಲಿನದು ಭಾರವನ್ನು ಹಂಚಿಕೊಳ್ಳುತ್ತದೆ. ಇಲ್ಲಿ ಒಂದರ ಮೇಲೊಂದು ಕೂತಿದ್ದ ಫಲಕಗಳನ್ನು ಹಿಡಿದಿಡುವ ಬಂಧನ ಸಾಕಷ್ಟಿರಲಿಲ್ಲ. ಆ ಕಟ್ಟಡವನ್ನು ಸರಿಪಡಿಸಿ ಮತ್ತೆ ಜನರನ್ನು ಇರಿಸಿದರು. ಆದರೂ ಸಂಶಯ ಹೋಗಲಿಲ್ಲ. 1986ರಲ್ಲಿ ಅದನ್ನು ಅಂತಸ್ತು ಅಂತಸ್ತಾಗಿ ಬಿಚ್ಚಿ ನೋಡಿದಾಗ, ಗಾರೆ ತುಂಬಬೇಕಾದ ಕೆಲವು ಕೀಲುಗಳಲ್ಲಿ ಹಳೆಯ ಸುದ್ದಿಪತ್ರಿಕೆಯ ಕಾಗದ ತುರುಕಿರುವುದು ಕಂಡುಬಂತು. ಕಾರ್ಖಾನೆಯಲ್ಲಿ ಎಷ್ಟೇ ನಿಖರವಾಗಿ ಮಾಡಿದರೂ ಕೀಲನ್ನು ತುಂಬುವುದು ಕಟ್ಟಡದ ಸ್ಥಳದಲ್ಲಿ, ಅವಸರದಲ್ಲಿರುವ ಒಬ್ಬ ಮನುಷ್ಯನ ಕೈ. ಗೋಡೆಯೊಳಗೆ ಮುಚ್ಚಿಹೋಗುವ ಕೆಲಸವನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕಾಯುವುದು ಪ್ರಾಮಾಣಿಕತೆಯೊಂದೇ. ಈ ದುರಂತದ ನಂತರ ಬ್ರಿಟನ್ನಿನಲ್ಲಿ ನಿಯಮಗಳು ಬದಲಾದವು: ಒಂದು ಭಾಗ ಕೆಟ್ಟರೂ ಇಡೀ ಕಟ್ಟಡ ಕುಸಿಯದಂತೆ ಭಾಗಗಳನ್ನು ಪರಸ್ಪರ ಬಿಗಿಯಬೇಕೆಂಬ ತತ್ವ ಇಂದು ಜಗತ್ತಿನ ಇಂಜಿನಿಯರಿಂಗಿಗೆ ಪಾಠವಾಗಿದೆ.

ಮೈಸೂರಿನಿಂದ ದೆಹಲಿಗೆ

ಈಗ ನಮ್ಮ ದೇಶಕ್ಕೆ ಬರೋಣ. ಬರ್ಲಿನ್ನಿನಲ್ಲಿ ಹುಟ್ಟಿದ ಯೆಹೂದ್ಯ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಹಿಟ್ಲರನ ಜರ್ಮನಿಯನ್ನು 1933ರಲ್ಲಿ ತೊರೆದು, ಈಜಿಪ್ಟಿನ ಮೂಲಕ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿ ಹಲವು ಕಟ್ಟಡಗಳನ್ನು ರೂಪಿಸಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ವಿಭಾಗಗಳ ಕಟ್ಟಡಗಳು ಅವರವು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ ಎಂಬ ಪ್ರಶ್ನೆಯಿಂದ ನಕ್ಷೆ ಆರಂಭಿಸುವುದನ್ನು ಅವರು ಈ ನೆಲದಲ್ಲಿ ಕಲಿತರು.

ದೇಶವಿಭಜನೆಯಾಯಿತು. ಎಪ್ಪತ್ತು ಲಕ್ಷಕ್ಕೂ ಮಿಕ್ಕಿದ ನಿರಾಶ್ರಿತರು ಭಾರತಕ್ಕೆ ಬಂದರು. 1948ರಲ್ಲಿ ಕೋನಿಗ್ಸ್‌ಬರ್ಗರ್ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಗುಡಾರಗಳಲ್ಲಿ ಮಳೆಗೆ ನೆನೆಯುತ್ತಿದ್ದ ಕುಟುಂಬಗಳಿಗೆ ಬೇಗ ಮನೆ ಕೊಡುವುದು ಹೇಗೆ? ಕಾರ್ಖಾನೆಯೇ ಉತ್ತರವೆಂದು ತೋರಿತು. ದೆಹಲಿಯಲ್ಲಿ ಸರ್ಕಾರಿ ಗೃಹನಿರ್ಮಾಣ ಕಾರ್ಖಾನೆ ಸ್ಥಾಪಿತವಾಯಿತು. ಗಾಳಿಗುಳ್ಳೆಗಳಿಂದ ಹಗುರವಾದ ಕಾಂಕ್ರೀಟಿನ ಫಲಕಗಳನ್ನು ಎರಕ ಹೊಯ್ದು ಮನೆ ಜೋಡಿಸುವುದು ಉದ್ದೇಶ. ಆದರೆ ಫಲಕಗಳು ಬಿರುಕುಬಿಟ್ಟವು, ಬಯಸಿದ ಗುಣಮಟ್ಟ ಸಿಗಲಿಲ್ಲ, ಮನೆಗಳು ಏಳಲಿಲ್ಲ. ಸಂಸತ್ತಿನಲ್ಲಿ ಟೀಕೆಯ ಮಳೆ ಸುರಿಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆ ಮಾತ್ರ ವ್ಯರ್ಥವಾಗಲಿಲ್ಲ. 1953ರಲ್ಲಿ ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿಯೆಂಬ ಕಂಪನಿಯಾಗಿ, ಮುಂದೆ ಹಿಂದುಸ್ತಾನ್ ಪ್ರೀಫ್ಯಾಬ್ ಎಂಬ ಹೆಸರಿನಿಂದ ಕಾಂಕ್ರೀಟಿನ ರೈಲು ಸ್ಲೀಪರ್ ಮೊದಲಾದವನ್ನು ತಯಾರಿಸಿತು.

ಈ ಸೋಲನ್ನು ಆ ಮನುಷ್ಯ ಹೇಗೆ ಸ್ವೀಕರಿಸಿದರೆಂಬುದು ನಮಗೆ ಮುಖ್ಯ. 1954ರಲ್ಲಿ ವಿಶ್ವಸಂಸ್ಥೆ ಅವರನ್ನೂ ಇನ್ನಿಬ್ಬರು ತಜ್ಞರನ್ನೂ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಕ್ಕೆ, ವಸತಿ ಸಮಸ್ಯೆಯ ಅಧ್ಯಯನಕ್ಕಾಗಿ ಕಳುಹಿಸಿತು. ಅಲ್ಲಿಯೂ ಯೂರೋಪಿನ ಕಾಂಕ್ರೀಟ್ ಮನೆಗಳ ಯೋಜನೆಯೊಂದು ಸರ್ಕಾರದ ಮುಂದಿತ್ತು. ತಜ್ಞರು ಹಳ್ಳಿಗಳನ್ನು ಸುತ್ತಿ ನೋಡಿದರು. ಜನ ತಮ್ಮ ಕೈಯಿಂದಲೇ ಮಣ್ಣಿನ ಗೋಡೆಗಳನ್ನು ಚೆನ್ನಾಗಿ ಕಟ್ಟಿಕೊಳ್ಳುತ್ತಿದ್ದರು. ಅವರಿಗೆ ಎಟುಕದಿದ್ದದ್ದು ಬಾಳಿಕೆ ಬರುವ ಮಾಡು. ಹಾಗಾದರೆ ಇಡೀ ಮನೆಯನ್ನು ಏಕೆ ಸಾಗಿಸಬೇಕು? ಗೋಡೆ ಅವರದಾಗಲಿ, ಮಾಡಿಗೂ ಬಾಗಿಲು ಕಿಟಕಿಗೂ ಸಾಲ ಕೊಡೋಣ ಎಂದು ಅವರು ಶಿಫಾರಸು ಮಾಡಿದರು. ‘ಮಾಡಿನ ಸಾಲ’ ಎಂಬ ಈ ಯೋಜನೆ ವಸತಿಯ ಚರಿತ್ರೆಯಲ್ಲಿ ಹೆಸರಾಯಿತು. ಜನರಿಂದಾಗುವುದನ್ನು ಜನರಿಗೆ ಬಿಟ್ಟು, ಆಗದಿರುವುದನ್ನು ಮಾತ್ರ ಕಾರ್ಖಾನೆಯಿಂದ ತರುವುದು: ದೆಹಲಿಯ ಸೋಲಿನ ನಂತರ ಬಂದ ವಿವೇಕವಿದು.

ಜೆಪ್ಪುವಿನ ಹೆಂಚು

ಇದೇ ವಿವೇಕವನ್ನು ಅದಕ್ಕೂ ತೊಂಬತ್ತು ವರ್ಷ ಮೊದಲೇ ನಮ್ಮ ಮಂಗಳೂರು ಕಾರ್ಯತಃ ತೋರಿಸಿತ್ತು ಎಂದರೆ ನಿಮಗೆ ಅಚ್ಚರಿಯಾಗಬಹುದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರದಿಂದ ಮನೆ, ಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡುವ ಒತ್ತಡದಿಂದ ಅವರು ನೇಯ್ಗೆ, ಮುದ್ರಣಗಳ ಜೊತೆ ಹೆಂಚಿಗೂ ಕೈಹಾಕಿದರು. ಮುದ್ರಣಾಲಯದ ಕೆಲಸಕ್ಕಾಗಿ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನದೀತೀರದ ಜೇಡಿಯನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಕುದ್ರೋಳಿ, ಮಲ್ಪೆ ಹಾಗೂ ಮಲಬಾರಿನ ಹಲವೆಡೆ ಮಿಷನ್ನಿನ ಕಾರ್ಖಾನೆಗಳು ಬಂದವು. ಸ್ಥಳೀಯ ಉದ್ಯಮಿಗಳೂ ಅನುಸರಿಸಿದರು. ಮಂಗಳೂರು ಹೆಂಚು ದೇಶದೊಳಗೆ ಎಲ್ಲೆಡೆಗೂ, ಸಮುದ್ರದಾಚೆಗೂ ಹೋಯಿತು.

ಒಂದು ಹೆಂಚನ್ನು ಕೈಯಲ್ಲಿ ಹಿಡಿದು ನೋಡಿರಿ. ಅಂಚಿನಲ್ಲಿ ಏರು, ಪಕ್ಕದಲ್ಲಿ ಗಾಡಿ. ಒಂದರ ಏರು ಮತ್ತೊಂದರ ಗಾಡಿಯೊಳಗೆ ಕೂರುತ್ತದೆ. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸುವ ಕೊಕ್ಕೆ. ಪರಸ್ಪರ ಹಿಡಿದುಕೊಳ್ಳುವ ಈ ವಿನ್ಯಾಸವನ್ನು ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ಡೊನಿ ಸೋದರರು 1841ರ ಹೊತ್ತಿಗೆ ರೂಪಿಸಿದ್ದರು. ಅದಕ್ಕೆ ಮೊಳೆ ಬೇಡ, ಗಾರೆ ಬೇಡ. ಕಾರ್ಖಾನೆಯ ನಿಖರತೆ ಇಡೀ ಮನೆಯಲ್ಲಿಲ್ಲ, ಒಂದು ಆಳು ಎತ್ತುವ ಒಂದು ತುಂಡಿನಲ್ಲಿದೆ. ತೆಂಗಿನಕಾಯಿ ಬಿದ್ದು ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಿಸುತ್ತೇವೆ. ಹಳೆಯ ಮನೆ ಬಿಚ್ಚಿದರೆ ಹೆಂಚುಗಳನ್ನು ಎಣಿಸಿ, ಪೇರಿಸಿ, ಕೊಟ್ಟಿಗೆಗೋ ಮತ್ತೊಬ್ಬರ ಮನೆಗೋ ಕೊಡುತ್ತೇವೆ. ಅಜ್ಜನ ಮನೆಯ ಹೆಂಚು ಮೊಮ್ಮಗನ ಮಾಡಿನ ಮೇಲಿರುವುದು ಕರಾವಳಿಯಲ್ಲಿ ವಿಶೇಷವೇ ಅಲ್ಲ. ಪ್ಯಾಕ್ಸ್‌ಟನ್ನನ ಗಾಜಿನ ಅರಮನೆಗೆ ಎರಡು ಜೀವ ಸಿಕ್ಕಿದರೆ, ನಮ್ಮ ಹೆಂಚಿಗೆ ಮೂರು ನಾಲ್ಕು ಸಿಗುತ್ತವೆ.

ಹೆಂಚನ್ನು ಹೊಗಳುವಾಗ ಅದರ ಲೆಕ್ಕವನ್ನೂ ಪೂರ್ತಿ ಒಪ್ಪಿಸಬೇಕು. ಅದರ ಭಟ್ಟಿಗಳು ಸೌದೆಯನ್ನು ಅಪಾರವಾಗಿ ನುಂಗಿದವು. ಜೇಡಿಗಾಗಿ ಗದ್ದೆ, ಹೊಳೆಬದಿಗಳನ್ನು ಅಗೆಯಲಾಯಿತು. ಮಣ್ಣು, ಸೌದೆಗಳ ಅಭಾವ, ಕಾಂಕ್ರೀಟಿನ ತಾರಸಿಯ ಮೋಹ ಎಲ್ಲ ಸೇರಿ ಅನೇಕ ಕಾರ್ಖಾನೆಗಳು ಮುಚ್ಚಿದವು. ಮಣ್ಣಿನ ವಸ್ತುವಾದ ಮಾತ್ರಕ್ಕೆ ನಿಷ್ಪಾಪಿಯಲ್ಲ, ಕಾಂಕ್ರೀಟಾದ ಮಾತ್ರಕ್ಕೆ ದೋಷಿಯಲ್ಲ. ಎಷ್ಟು ಇಂಧನ ಸುಟ್ಟಿತು, ಎಷ್ಟು ಕಾಲ ಬಾಳಿತು, ಕೊನೆಗೆ ಏನಾಯಿತು ಎಂಬ ಮೂರೂ ಪ್ರಶ್ನೆಗಳನ್ನು ಕೂಡಿಸಿ ನೋಡಿದಾಗಲೇ ಲೆಕ್ಕ ಮುಗಿಯುವುದು.

ಇಂದು ನಾವು ಕೇಳಬೇಕಾದ ಪ್ರಶ್ನೆಗಳು

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಗಳ ಪ್ರಕಾರ, ಜಗತ್ತಿನಲ್ಲಿ ಇಂಧನದಿಂದಲೂ ಕೈಗಾರಿಕಾ ಪ್ರಕ್ರಿಯೆಗಳಿಂದಲೂ ಹೊಮ್ಮುವ ಇಂಗಾಲದ ಡೈಆಕ್ಸೈಡಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಕಟ್ಟಡಗಳ ನಿರ್ಮಾಣ ಮತ್ತು ಬಳಕೆಯಿಂದ ಬರುತ್ತದೆ. ಸಿಮೆಂಟ್ ಒಂದರದೇ ಪಾಲು ನೂರಕ್ಕೆ ಏಳೆಂಟು. ಆದುದರಿಂದ ಕಾರ್ಖಾನೆಯ ವಿಧಾನಕ್ಕೆ ಮತ್ತೆ ಬೇಡಿಕೆ ಬಂದಿರುವುದು ಸಹಜ. ಅಚ್ಚಿನಲ್ಲಿ ಹೊಯ್ದರೆ ಮರಳು, ಸಿಮೆಂಟು ಚೆಲ್ಲುವುದು ಕಡಿಮೆ. ಅದೇ ಅಚ್ಚು ಮತ್ತೆ ಮತ್ತೆ ಬಳಕೆಯಾಗುವುದರಿಂದ ಹಲಗೆ, ಆಸರೆಮರಗಳ ನಷ್ಟವೂ ಕಡಿಮೆ. ಕಾರ್ಮಿಕರಿಗೆ ಬಿಸಿಲು, ಎತ್ತರಗಳ ಅಪಾಯ ಕಡಿಮೆ. ಭಾರತ ಸರ್ಕಾರ 2021ರ ಜನವರಿ 1ರಂದು ಆರು ನಗರಗಳಲ್ಲಿ ಆರು ಹೊಸ ವಿಧಾನಗಳ ಮಾದರಿ ವಸತಿಗಳಿಗೆ ಅಸ್ತಿಭಾರ ಹಾಕಿತು. ಅವುಗಳಲ್ಲಿ ಚೆನ್ನೈಯ 1,152 ಮನೆಗಳು ಪೂರ್ವನಿರ್ಮಿತ ಕಾಂಕ್ರೀಟಿನಿಂದ ಎದ್ದು 2022ರಲ್ಲಿ ಉದ್ಘಾಟನೆಗೊಂಡವು. ಮತ್ತೊಂದು ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ತಂಡ ತೋರಿಸಿತು. ಚಿಕ್ಕ ಯಂತ್ರವನ್ನೇ ನಿವೇಶನಕ್ಕೆ ಒಯ್ದು, ಅಲ್ಲಿನ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ, ಸುಡದೆ ಇಟ್ಟಿಗೆ ಮಾಡುವುದು. ಮನೆ ಕಾರ್ಖಾನೆಗೆ ಹೋಗುವ ಬದಲು ಕಾರ್ಖಾನೆಯೇ ಮನೆಯಂಗಳಕ್ಕೆ ಬಂದಂತಾಯಿತು.

ಪ್ರಿಯ ಓದುಗರೇ, ನಮ್ಮಲ್ಲಿ ಹಲವರು ಜೀವಮಾನದ ಉಳಿತಾಯ ಹಾಕಿ ಒಂದು ಮನೆಯನ್ನು ಕಟ್ಟುತ್ತೇವೆ ಇಲ್ಲವೆ ಕೊಳ್ಳುತ್ತೇವೆ. ನಮ್ಮ ಸಭೆಗಳು ಭವನ, ಶಾಲೆಗಳನ್ನು ಕಟ್ಟುತ್ತವೆ. ‘ಎಷ್ಟು ದಿನದಲ್ಲಿ ಮುಗಿಯುತ್ತದೆ, ಚದರಕ್ಕೆ ಎಷ್ಟು’ ಎಂಬ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಈ ಚರಿತ್ರೆ ಇನ್ನೂ ನಾಲ್ಕನ್ನು ಕೇಳಲು ಕಲಿಸುತ್ತದೆ. ಕೀಲುಗಳನ್ನು ತುಂಬಿದವರು ಯಾರು, ಮುಚ್ಚುವ ಮೊದಲು ಪರೀಕ್ಷಿಸಿದವರು ಯಾರು? ಮಳೆಗಾಲದಲ್ಲಿ ಜೋಡಣೆಯಲ್ಲಿ ನೀರು ಜಿನುಗಿದರೆ ದುರಸ್ತಿ ಮಾಡಬಲ್ಲವರು ನಮ್ಮೂರಿನಲ್ಲಿ ಇದ್ದಾರೆಯೇ? ನಮ್ಮ ಬಿಸಿಲಿಗೆ ಈ ತೆಳು ಗೋಡೆ ಒಳಗಿನವರನ್ನು ಬೇಯಿಸುವುದೇ, ಕಾಯುವುದೇ? ಮುಂದೊಂದು ದಿನ ಇದನ್ನು ಕೆಡವಬೇಕಾದರೆ ಎಷ್ಟು ಭಾಗ ಮತ್ತೆ ಕೆಲಸಕ್ಕೆ ಬರುತ್ತದೆ, ಎಷ್ಟು ಭಾಗ ಯಾರದೋ ಕೆರೆಯಂಗಳದಲ್ಲಿ ಕಸವಾಗಿ ಬೀಳುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಕಟ್ಟಡ ಕಾರ್ಖಾನೆಯಿಂದ ಬಂದರೂ ಒಳ್ಳೆಯದು, ಕೈಯಿಂದ ಕಟ್ಟಿದರೂ ಒಳ್ಳೆಯದು. ಉತ್ತರವಿಲ್ಲದಿದ್ದರೆ ವೇಗ, ಅಗ್ಗಗಳೆರಡೂ ನಮ್ಮ ಮಕ್ಕಳ ಮೇಲೆ ಹೊರಿಸುವ ಸಾಲ. ಅಡಿಲೇಡಿನ ಮರದ ಮಂದಿರವೂ ಜೆಪ್ಪುವಿನ ಹೆಂಚೂ ಬಾಳಿದ್ದಕ್ಕೆ ಅವುಗಳ ಭಾಗಗಳು ಬಲವಾಗಿದ್ದುದಷ್ಟೇ ಕಾರಣವಲ್ಲ. ಒಂದು ಮತ್ತೊಂದನ್ನು ಸರಿಯಾಗಿ ಹಿಡಿದುಕೊಂಡಿತು, ಒಡೆದದ್ದನ್ನು ಬದಲಿಸಲು ಅವಕಾಶ ಕೊಟ್ಟಿತು. ಹಳೆಯ ಗುಡಾರದ ಹಲಗೆಗಳಿಗೆ ಎರಡೆರಡು ಕೂರುಗಳನ್ನು ಎಣಿಸಿ ಇಟ್ಟವರಿಗೆ ಇದು ತಿಳಿದಿತ್ತು. ಕುಟುಂಬವಾಗಲಿ ಸಭೆಯಾಗಲಿ ಬಾಳುವುದೂ ಹೀಗೆಯೇ ಅಲ್ಲವೇ?